ಮನಿಲಾದಲ್ಲಿ ಇದ್ದೇವೆ, ಸಕ್ಕರೆ ಅಂಚಿಗೆ ಬಂದಿದೆ: ಫಿಲಿಪೀನ್ಸ್‌ನ ಯಾವ ಸೊಪ್ಪು-ತರಕಾರಿ ತಿನ್ನಬೇಕು?

ಮಕಾತಿ_ಸಾಗರ
ಎಲ್ಲರಿಗೂ ನಮಸ್ಕಾರ. ನಾವು ಸಾಗರದ ಕಡೆಯವರು. ಯಜಮಾನರ ಕೆಲಸದಿಂದಾಗಿ ಈಗ ಮನಿಲಾದ ಮಕಾತಿಯಲ್ಲಿ ಇದ್ದೇವೆ. ಈ ಸಲದ ರಕ್ತ ಪರೀಕ್ಷೆಯಲ್ಲಿ ಅವರ ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) 6.1 ಬಂದಿದೆ. ಡಾಕ್ಟರ್ ಮಾತ್ರೆ ಕೊಟ್ಟಿಲ್ಲ. ಅನ್ನ ಇಳಿಸಿ, ಸೊಪ್ಪು-ತರಕಾರಿ ಜಾಸ್ತಿ ಮಾಡಿ, ದಿನಾ ನಡೆಯಿರಿ ಎಂದಿದ್ದಾರೆ.

ಮೆಂತ್ಯ ಸೊಪ್ಪು, ತೊಂಡೆಕಾಯಿ ಬೇಕೆಂದರೆ ಇಂಡಿಯನ್ ಅಂಗಡಿಗೇ ಹೋಗಬೇಕು. ಬೆಲೆ ಸಿಕ್ಕಾಪಟ್ಟೆ, ಅರ್ಧ ಬಾಡಿರುತ್ತದೆ. ಮನೆ ಹತ್ತಿರದ ತಲಿಪಾಪಾದಲ್ಲಿ, ಅಂದರೆ ಓಣಿಯ ಸಣ್ಣ ಮಾರುಕಟ್ಟೆಯಲ್ಲಿ, ಬೆಳಿಗ್ಗೆ ಹೊತ್ತು ಹಸಿರು ಸೊಪ್ಪಿನ ರಾಶಿಯೇ ಇರುತ್ತದೆ. ಮಲುಂಗ್ಗಾಯ್, ಸಲುಯೊತ್, ಅಲುಗ್ಬಾತಿ, ಕಂಗ್‌ಕೊಂಗ್ ಅಂತ ಹೆಸರು ಹೇಳುತ್ತಾರೆ. ಯಾವುದನ್ನು ಹೇಗೆ ಅಡುಗೆ ಮಾಡುವುದು ಗೊತ್ತಾಗುತ್ತಿಲ್ಲ. ನಾವು ಸಸ್ಯಾಹಾರಿಗಳು, ಮೊಟ್ಟೆ ತಿನ್ನುತ್ತೇವೆ. ಹೊರಗೆ ತಿನ್ನೋಣ ಅಂದರೆ ತರಕಾರಿ ಪಲ್ಯದಲ್ಲೂ ಹಂದಿ ಮಾಂಸದ ಚೂರೋ ಸೀಗಡಿಯೋ ಇದ್ದೇ ಇರುತ್ತದೆ.

ಇನ್ನೊಂದು ವಿಷಯ. ಯಜಮಾನರ ಆಫೀಸಿನಲ್ಲಿ ಎಲ್ಲರೂ ಅಂಪಲಾಯ ಕ್ಯಾಪ್ಸೂಲ್ ತಗೊಳ್ಳಿ ಎನ್ನುತ್ತಿದ್ದಾರೆ. ತಗೊಳ್ಳಬಹುದಾ?

ದಾವಾವೊ_ಮೆಡಿಕೊ
ಅಕ್ಕಾ, ನಾನು ದಾವಾವೊದಲ್ಲಿ ಮೆಡಿಕಲ್ ಓದುತ್ತಿದ್ದೇನೆ, ಊರು ಹಾವೇರಿ. 5.7ರಿಂದ 6.4ರ ತನಕ ಪ್ರಿಡಯಾಬಿಟಿಸ್, ಅಂದರೆ ಸಕ್ಕರೆ ಕಾಯಿಲೆಯ ಹಿಂದಿನ ಹಂತ. ಊಟ ಮತ್ತು ನಡಿಗೆಯಿಂದ ಹಿಂದಕ್ಕೆ ತರಬಹುದಾದ ಹಂತ ಇದು. ಡಾಕ್ಟರ್ ಸರಿಯಾಗಿಯೇ ಹೇಳಿದ್ದಾರೆ.

ಇಲ್ಲಿನ ಸರ್ಕಾರದ ಪೋಷಣಾ ಸಂಸ್ಥೆಯವರು 'ಪಿಂಗ್ಗಾಂಗ್ ಪಿನೊಯ್' ಅಂತ ಒಂದು ತಟ್ಟೆಯ ಚಿತ್ರ ಮಾಡಿದ್ದಾರೆ. ಅರ್ಧ ತಟ್ಟೆ ತರಕಾರಿ ಮತ್ತು ಹಣ್ಣು. ಉಳಿದರ್ಧದಲ್ಲಿ ಅನ್ನ, ಕಾಳು, ಮೊಟ್ಟೆ, ಮೀನು ಇತ್ಯಾದಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ. ಆದರೆ ಕರಿಂದೆರಿಯಾದಲ್ಲಿ, ಅಂದರೆ ಇಲ್ಲಿನ ಸಣ್ಣ ಹೋಟೆಲ್‌ಗಳಲ್ಲಿ, ಸಿಗುವ ತಟ್ಟೆ ನೋಡಿ: ಮುಕ್ಕಾಲು ಅನ್ನ, ಒಂದು ತುಂಡು ಮಾಂಸ, ಎರಡು ಚಮಚ ತರಕಾರಿ.

ಒಂದು ಎಚ್ಚರಿಕೆ. ಕಮೊತೆ (ಗೆಣಸು), ಗಾಬಿ (ಕೆಸುವಿನ ಗೆಡ್ಡೆ), ಊಬೆ (ನೇರಳೆ ಬಣ್ಣದ ಗೆಡ್ಡೆ), ಸಾಬಾ ಬಾಳೆಕಾಯಿ, ಇವನ್ನು ತರಕಾರಿ ಲೆಕ್ಕಕ್ಕೆ ಹಾಕಬೇಡಿ. ಇವು ಅನ್ನದ ಲೆಕ್ಕ. ಇವುಗಳಲ್ಲಿ ಒಂದನ್ನು ತಿಂದ ದಿನ ಅಷ್ಟು ಅನ್ನ ಬಿಡಬೇಕು. ಎಲೆ, ಕುಡಿ, ಹೂ, ಎಳೆಯ ಕಾಯಿ, ಇವೇ ನಿಮಗೆ ಬೇಕಾದದ್ದು.

ಪುತ್ತೂರು_ಅಡುಗೆಮನೆ
ಸಾಗರದವರಿಗೆ ಅಲುಗ್ಬಾತಿ ಗೊತ್ತಿಲ್ಲ ಅಂದರೆ ಹೇಗೆ! ಅದು ನಮ್ಮ ಬಸಳೆ. ದಪ್ಪ ಎಲೆ, ನೇರಳೆ ದಂಟು. ಮಲುಂಗ್ಗಾಯ್ ಅಂದರೆ ನುಗ್ಗೆಸೊಪ್ಪು. ಅಂಪಲಾಯ ಹಾಗಲಕಾಯಿ. ಉಪೊ ಸೋರೆಕಾಯಿ. ಪತೋಲಾ ಹೀರೆ. ಸಯೋತೆ ಸೀಮೆಬದನೆ. ಕುಂದೊಲ್ ಬೂದುಗುಂಬಳ. ಲಂಕಾ ಹಲಸು, ಅದರ ಗುಜ್ಜೆಯೂ ಅಲ್ಲಿ ಹೆಚ್ಚಿ ಮಾರುತ್ತಾರೆ. ಪೂಸೊ ನಂಗ್ ಸಾಗಿಂಗ್ ಅಂದರೆ ಬಾಳೆ ಹೂ, ನಮ್ಮ ಪೂಂಬೆ. ಬತಾವ್ ಅಂದರೆ ನಿಮ್ಮ ಅವರೆಕಾಯಿ. ಸಿತಾವ್ ಉದ್ದ ಅಲಸಂದೆ.

ನನ್ನ ಮಗಳು ಮೊದಲು ಕೆಸೊನ್ ಸಿಟಿಯಲ್ಲಿ ಇದ್ದಳು. ಅಲ್ಲಿ ಹೋಗಿದ್ದಾಗ ಎಲ್ಲವನ್ನೂ ಮಾಡಿ ಬಡಿಸಿದ್ದೇನೆ. ಬಸಳೆ ಹುಳಿ, ಪೂಂಬೆ ಪಲ್ಯ, ಗುಜ್ಜೆ ಪಲ್ಯ. ತೆಂಗಿನಕಾಯಿಯಂತೂ ಮಾರುಕಟ್ಟೆಯಲ್ಲಿಯೇ ಯಂತ್ರದಲ್ಲಿ ತುರಿದು ಕೊಡುತ್ತಾರೆ. ಇಂಡಿಯನ್ ಅಂಗಡಿಗೆ ಸಾಸಿವೆ, ಬೇಳೆ, ಸಾರಿನಪುಡಿಗೆ ಮಾತ್ರ ಹೋಗಿ.

ಮಂಡ್ಯ_ಬಸ್ಸಾರು
ಹೆಸರುಕಾಳು ಅಲ್ಲಿ ಧಾರಾಳ ಸಿಗುತ್ತದೆ, ಮುಂಗ್ಗೊ ಎನ್ನುತ್ತಾರೆ. ನುಗ್ಗೆಸೊಪ್ಪು ಇದೆ. ಇನ್ನೇನು ಬೇಕು ತಾಯಿ, ಬಸ್ಸಾರು ಮಾಡಿ.

ಮಕಾತಿ_ಸಾಗರ
@ಪುತ್ತೂರು_ಅಡುಗೆಮನೆ ಅಮ್ಮ, ಬಹಳ ಉಪಕಾರವಾಯಿತು. ಈ ಪಟ್ಟಿಯನ್ನು ಫೋನಿನಲ್ಲಿ ಇಟ್ಟುಕೊಂಡೇ ನಾಳೆ ಮಾರುಕಟ್ಟೆಗೆ ಹೋಗುತ್ತೇನೆ. ಸಲುಯೊತ್ ಏನು ಹೇಳಿ? ಕಂಗ್‌ಕೊಂಗ್?

ಇಲೊಕೊಸ್_ಮೇಷ್ಟ್ರು
ನಾನು ಉತ್ತರ ಲುಸೊನ್‌ನ ಇಲೊಕೊಸ್‌ನಲ್ಲಿ ಪಾಠ ಮಾಡುತ್ತೇನೆ, ಇಲ್ಲೇ ನೆಲೆಸಿದ್ದೇನೆ. ಸಲುಯೊತ್ ಸೆಣಬಿನ ಜಾತಿಯ ಗಿಡದ ಎಲೆ. ಬೇಯಿಸಿದರೆ ಬೆಂಡೆಕಾಯಿಗಿಂತ ಲೋಳೆ. ಆ ಲೋಳೆ ಕರಗುವ ನಾರು, ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ನಿಮ್ಮ ಯಜಮಾನರಿಗೆ ಒಳ್ಳೆಯದೇ.

ಫಿಲಿಪೀನ್ಸ್‌ನಲ್ಲಿ ಸೊಪ್ಪು-ತರಕಾರಿ ತಿನ್ನುವುದಕ್ಕೆ ಹೆಸರಾದವರು ಇಲೊಕಾನೊ ಜನ. ಇವರ ದಿನದ ಅಡುಗೆ ದಿನೆಂಗ್‌ದೆಂಗ್. ನೀರು ಕುದಿಸಿ, ಹಿತ್ತಲಲ್ಲಿ ಆ ದಿನ ಏನು ಸಿಗುತ್ತದೋ ಅದನ್ನು ಹಾಕುವುದು. ಸಲುಯೊತ್, ಬಿದಿರಿನ ಕಳಲೆ, ಹಾಗಲ ಎಲೆ, ಕುಂಬಳ ಹೂ, ನುಗ್ಗೆಕಾಯಿ. ಎಣ್ಣೆ ಹನಿಯೂ ಇಲ್ಲ. ಇದೇ ಜನ ಪಿನಕ್‌ಬೆತ್ ಮಾಡುತ್ತಾರೆ: ಬದನೆ, ಹಾಗಲ, ಬೆಂಡೆ, ಅಲಸಂದೆ, ಟೊಮೆಟೊ. ತೊಂದರೆ ಒಂದೇ, ಎರಡಕ್ಕೂ ಬಗೂಂಗ್ ಬೀಳುತ್ತದೆ. ಉಪ್ಪು ಹಾಕಿ ಹುದುಗಿಸಿದ ಮೀನು ಅಥವಾ ಸೀಗಡಿ.

ವಿಸಾಯಾಸ್ ದ್ವೀಪಗಳಲ್ಲಿ, ದಕ್ಷಿಣದ ಮಿಂದನಾವೊದಲ್ಲಿ ಇದರ ತಂಗಿ ಇದ್ದಾಳೆ. ಇಲೊಯಿಲೊ ಕಡೆ ಲಸ್ವಾ, ಸೆಬು-ದಾವಾವೊ ಕಡೆ ಉತನ್ ಬಿಸಾಯ. ಕುಂಬಳ, ಬೆಂಡೆ, ಬಸಳೆ, ಹೀರೆ, ನುಗ್ಗೆಸೊಪ್ಪು ಹಾಕಿದ ತಿಳಿ ಸಾರು. ಮೀನಿಲ್ಲದೆ ಮಾಡಿಸಿಕೊಳ್ಳುವುದು ಸುಲಭ.

ಕಂಗ್‌ಕೊಂಗ್ ನೀರಿನಲ್ಲಿ ಬೆಳೆಯುವ ಸೊಪ್ಪು, ಪೊಳ್ಳು ದಂಟು. ಸೋಯಾ ಸಾಸ್, ವಿನೆಗರ್, ಬೆಳ್ಳುಳ್ಳಿ ಹಾಕಿ ಅದೊಬೊ ಮಾಡುತ್ತಾರೆ. ಆದರೆ ಅದನ್ನು ಎಲ್ಲಿಂದ ತರುತ್ತಾರೆ ಅಂತ ಕೇಳಿ ತಗೊಳ್ಳಿ.

ಬೆಳಗಾವಿ_ಫಿಟ್
ಇಷ್ಟೆಲ್ಲ ಯಾಕೆ? ಮೊರಿಂಗಾ ಪೌಡರ್ (ನುಗ್ಗೆಸೊಪ್ಪಿನ ಪುಡಿ) ಒಂದು ಚಮಚ ಬೆಳಿಗ್ಗೆ ಬಿಸಿ ನೀರಿಗೆ. ಜೊತೆಗೆ ಅಂಪಲಾಯ ಕ್ಯಾಪ್ಸೂಲ್. ಹಾಲಿಗಿಂತ ಹೆಚ್ಚು ಕ್ಯಾಲ್ಸಿಯಂ, ಕಿತ್ತಳೆಗಿಂತ ಹೆಚ್ಚು ವಿಟಮಿನ್ ಸಿ. ಎಲ್ಲ ಕಡೆ ಬರೆದಿದ್ದಾರೆ. ಸೊಪ್ಪು ಬಿಡಿಸುತ್ತಾ ಕೂರಲು ಯಾರಿಗೆ ಟೈಮ್ ಇದೆ?

ದಾವಾವೊ_ಮೆಡಿಕೊ
@ಬೆಳಗಾವಿ_ಫಿಟ್ ಅಣ್ಣಾ, ಆ ಹೋಲಿಕೆಗಳು ಬಹುಪಾಲು ತೂಕಕ್ಕೆ ತೂಕ ಇಟ್ಟು ಮಾಡಿದವು. ಒಂದು ಚಮಚ ಪುಡಿ ಎಷ್ಟು ಗ್ರಾಂ ತೂಗುತ್ತದೆ? ಒಂದು ಲೋಟ ಹಾಲು ಎಷ್ಟು ತೂಗುತ್ತದೆ? ವಿಟಮಿನ್ ಸಿ ಅಂತೂ ಎಲೆ ಒಣಗಿಸುವಾಗಲೇ ಬಹಳಷ್ಟು ಹೋಗುತ್ತದೆ. ನುಗ್ಗೆಸೊಪ್ಪು ಒಳ್ಳೆಯದು, ಅದರಲ್ಲಿ ಅನುಮಾನವೇ ಇಲ್ಲ. ತಟ್ಟೆ ತುಂಬ ಪಲ್ಯ ತಿಂದರೆ ನಾರೂ ಸಿಗುತ್ತದೆ, ಹೊಟ್ಟೆಯೂ ತುಂಬುತ್ತದೆ, ಅನ್ನ ತಾನಾಗೇ ಕಮ್ಮಿಯಾಗುತ್ತದೆ. ಚಮಚ ಪುಡಿಯಿಂದ ಅದು ಆಗುವುದಿಲ್ಲ.

ಅಂಪಲಾಯ ವಿಷಯ ಸ್ವಲ್ಪ ಉದ್ದ ಹೇಳಬೇಕು. ಇಲ್ಲಿನ ಆರೋಗ್ಯ ಇಲಾಖೆ ಹತ್ತು ಔಷಧಿ ಗಿಡಗಳ ಪಟ್ಟಿ ಮಾಡಿದೆ. ಕೆಮ್ಮಿಗೆ ಲಗುಂದಿ, ಮೂತ್ರ ಹೆಚ್ಚಿಸಲು ಸಂಬೊಂಗ್, ಗಾಯ ತೊಳೆಯಲು ಸೀಬೆ ಎಲೆ, ಹೀಗೆ. ಅದರಲ್ಲಿ ಸಕ್ಕರೆ ಕಾಯಿಲೆಗೆ ಅಂಪಲಾಯವೂ ಇದೆ. 1997ರಲ್ಲಿ ಸಾಂಪ್ರದಾಯಿಕ ವೈದ್ಯಕ್ಕೆ ಕಾನೂನನ್ನೇ ಮಾಡಿದ್ದಾರೆ. ಹಾಗಾಗಿ ಜನ ನಂಬುವುದು ಸಹಜ. ಆದರೆ ಹಾಗಲದ ಮೇಲೆ ಮನುಷ್ಯರಲ್ಲಿ ನಡೆದ ಪ್ರಯೋಗಗಳು ಹೆಚ್ಚಿನವು ಚಿಕ್ಕವು, ಫಲಿತಾಂಶವೂ ಒಂದೇ ತರ ಇಲ್ಲ. ಇನ್ನು ಅಂಗಡಿಯ ಕ್ಯಾಪ್ಸೂಲ್ ಡಬ್ಬಿ ತಿರುಗಿಸಿ ನೋಡಿ. ಇದು ಔಷಧಿ ಅಲ್ಲ, ಯಾವ ಕಾಯಿಲೆಗೂ ಚಿಕಿತ್ಸೆಯಾಗಿ ಬಳಸಬಾರದು ಅಂತ ತಗಾಲೊಗ್‌ನಲ್ಲಿ ಅಚ್ಚು ಹಾಕಿರುತ್ತಾರೆ. ಸರ್ಕಾರವೇ ಹಾಕಿಸುತ್ತದೆ.

ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಇದನ್ನೂ ಸೇರಿಸಿಕೊಂಡರೆ ಸಕ್ಕರೆ ತೀರಾ ಇಳಿಯುವ ಅಪಾಯ ಇದೆ. ಮಾತ್ರೆ ಬಿಟ್ಟು ಇದನ್ನು ಹಿಡಿದವರ ಕಥೆ ಇನ್ನೂ ಕೆಟ್ಟದ್ದು. ಕಾಲು ಕೊಳೆತ ಮೇಲೆ ಆಸ್ಪತ್ರೆಗೆ ಬರುತ್ತಾರೆ. ಹಾಗಲಕಾಯಿ ಪಲ್ಯ ಮಾಡಿ ತಿನ್ನಿ. ದುಡ್ಡು ಡಬ್ಬಿಗೆ ಹಾಕಬೇಡಿ.

ಬೆಳಗಾವಿ_ಫಿಟ್
ನನಗೆ ಪುಡಿಯಿಂದ ಲಾಭ ಆಗಿದೆ. ನಿಮ್ಮ ಪುಸ್ತಕ ಏನೇ ಹೇಳಲಿ.

ಶಾರ್ಜಾ_ನರ್ಸಮ್ಮ
ಲಾಭ ಆಗಿದ್ದರೆ ಸಂತೋಷ. ಆದರೆ ರಕ್ತ ತೆಳು ಮಾಡುವ ವಾರ್ಫರಿನ್ ತಗೊಳ್ಳುವವರು ಇದನ್ನು ಓದಿ ನಾಳೆಯಿಂದ ಚಮಚಗಟ್ಟಲೆ ಸೊಪ್ಪಿನ ಪುಡಿ ಶುರು ಮಾಡಬಾರದು. ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ, ಔಷಧಿಯ ಲೆಕ್ಕ ತಪ್ಪುತ್ತದೆ. ಸೊಪ್ಪು ಬಿಡಬೇಕಾಗಿಲ್ಲ. ವಾರ ವಾರ ಒಂದೇ ಅಳತೆಯಲ್ಲಿ ತಿನ್ನಬೇಕು, ಡಾಕ್ಟರಿಗೆ ಹೇಳಬೇಕು. ಕಿಡ್ನಿ ತೊಂದರೆ ಇರುವವರು ಪೊಟ್ಯಾಸಿಯಂ ವಿಷಯ ಕೇಳಿಕೊಳ್ಳಬೇಕು.

ನಮ್ಮ ವಾರ್ಡಿನಲ್ಲಿ ಅರ್ಧ ಜನ ಫಿಲಿಪೀನ್ಸ್‌ನ ಹುಡುಗಿಯರು. ಹೆರಿಗೆಯಾದ ಗೆಳತಿಗೆ ಮಲುಂಗ್ಗಾಯ್ ಹಾಕಿದ ಕೋಳಿ ಸಾರು, ತಿನೊಲಾ, ಡಬ್ಬಿಯಲ್ಲಿ ತಂದು ಕೊಡುತ್ತಾರೆ. ಎದೆಹಾಲು ಹೆಚ್ಚಲಿ ಅಂತ. ಎಷ್ಟು ಪ್ರೀತಿಯಿಂದ ಮಾಡುತ್ತಾರೆ ಅಂತೀರಿ! ಇಲ್ಲಿನ ಸುಡು ಬಿಸಿಲಿನಲ್ಲೂ ಕುಂಡದಲ್ಲಿ ನುಗ್ಗೆ ಬೆಳೆಸಿಕೊಂಡಿದ್ದಾರೆ.

ಸೆಬು_ಕಾಲ್‌ಸೆಂಟರ್
ಹೊರಗೆ ತಿನ್ನುವವರಿಗೆ ನನ್ನ ಸಲಹೆ. 'ವೆಜಿಟೇರಿಯನ್' ಎಂದರೆ ಮಾಂಸದ ದೊಡ್ಡ ತುಂಡು ತೆಗೆದು ಕೊಡುತ್ತಾರೆ, ಅಷ್ಟೇ. ಒಂದೊಂದಾಗಿ ಹೇಳಬೇಕು: 'ವಲಾಂಗ್ ಕರ್ನೆ, ವಲಾಂಗ್ ಇಸ್ದಾ, ವಲಾಂಗ್ ಬಗೂಂಗ್, ವಲಾಂಗ್ ಪತಿಸ್.' ಮಾಂಸ ಬೇಡ, ಮೀನು ಬೇಡ, ಬಗೂಂಗ್ ಬೇಡ, ಮೀನಿನ ಸಾಸ್ ಬೇಡ. ಆಯ್ಸ್ಟರ್ ಸಾಸ್ ಮರೆಯಬೇಡಿ, ಕಂಗ್‌ಕೊಂಗ್‌ಗೆ ಅದನ್ನೇ ಸುರಿಯುತ್ತಾರೆ.

ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಸಭೆಯವರಲ್ಲಿ ಸಸ್ಯಾಹಾರಿಗಳು ಬಹಳ. ಅವರು ನಡೆಸುವ ಊಟದ ಜಾಗ ಹತ್ತಿರ ಇದ್ದರೆ ಕಣ್ಣು ಮುಚ್ಚಿ ಹೋಗಿ. ಚೀನೀ ಬೌದ್ಧರ ಸಸ್ಯಾಹಾರಿ ಹೋಟೆಲ್ ಮನಿಲಾದಲ್ಲಿ ಇವೆ. ಬೆಳಿಗ್ಗೆ ಓಣಿಯಲ್ಲಿ 'ತಾಹೋ' ಅಂತ ಕೂಗಿಕೊಂಡು ಬರುವವರ ಹತ್ತಿರ ಮೆತ್ತನೆಯ ಸೋಯಾ ತೋಫು ಸಿಗುತ್ತದೆ. ಬೆಲ್ಲದ ಪಾಕ ಹಾಕಬೇಡಿ ಅಂತ ಹೇಳಿ ತಗೊಂಡರೆ ಪ್ರೋಟೀನ್ ಸಿಕ್ಕಿತು.

ಕುಂದಾಪ್ರ_ಮೀನುಗಾಡಿ
ನನಗೊಂದು ಮಾತು. ಅವರ ಹಳೆಯ ಊಟದ ಗುಣ ಇರುವುದೇ ಅಲ್ಲಿ: ಒಂದು ಬುಟ್ಟಿ ಸೊಪ್ಪಿಗೆ ಎರಡು ಒಣಮೀನು. ಮೀನು ರುಚಿಗೆ, ಸೊಪ್ಪು ಹೊಟ್ಟೆಗೆ. ನಮ್ಮ ಕರಾವಳಿ ಬಡವರ ಮನೆಯಲ್ಲೂ ಹೀಗೇ ಇತ್ತು. ಅದನ್ನು ಬಿಟ್ಟು ಪೂರ್ತಿ ಸಸ್ಯಾಹಾರ ಮಾಡಿದರೇ ಆರೋಗ್ಯ ಅಂತ ಹೇಳುವುದು ಸರಿಯಲ್ಲ.

ಉಡುಪಿ_ಸಾತ್ವಿಕ
ಹಾಗಂತ ಯಾರು ಹೇಳಿದರು? ಅವರು ಸಸ್ಯಾಹಾರಿಗಳು, ಅವರಿಗೆ ಬೇಕಾದದ್ದು ಕೇಳಿದ್ದಾರೆ. ನೀವು ಮೀನು ಹಾಕಿ ಎಂದರೆ ಹೇಗೆ?

ಕುಂದಾಪ್ರ_ಮೀನುಗಾಡಿ
ಅವರಿಗೆ ಹಾಕಿ ಎಂದಿಲ್ಲ ಸ್ವಾಮಿ. ಈ ಚರ್ಚೆ ಓದುವವರಲ್ಲಿ ಮೀನು ತಿನ್ನುವವರೂ ಇದ್ದಾರೆ ಎಂದೆ.

ದಾವಾವೊ_ಮೆಡಿಕೊ
ಇಬ್ಬರೂ ಸರಿ. ಕೇಳಬೇಕಾದ್ದು ಉಪ್ಪಿನ ಬಗ್ಗೆ. ಬಗೂಂಗ್, ಪತಿಸ್, ಒಣಮೀನು, ಸೋಯಾ ಸಾಸ್ ಎಲ್ಲವೂ ಉಪ್ಪಿನ ಗಣಿ. ಬಿಪಿ ಇರುವವರು ದಿನಾ ಪಿನಕ್‌ಬೆತ್ ತಿಂದೆ, ಆರೋಗ್ಯ ಊಟ ಮಾಡಿದೆ ಅಂದುಕೊಂಡರೆ ಆಗದು. ಸಸ್ಯಾಹಾರಿಗಳು ಹುಣಸೆ, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು ಜಾಸ್ತಿ ಹಾಕಿ ಉಪ್ಪು ಇಳಿಸಬಹುದು.

ಮತ್ತೆ ಪೂರ್ತಿ ಸಸ್ಯಾಹಾರಕ್ಕೆ ಹೋಗುವವರಿಗೆ: ಬಿ12 ಯಾವ ಸೊಪ್ಪಿನಲ್ಲೂ ನಂಬುವಷ್ಟು ಇಲ್ಲ. ಮೊಟ್ಟೆ-ಹಾಲು ತಗೊಳ್ಳದಿದ್ದರೆ ಮಾತ್ರೆ ಬೇಕೇ ಬೇಕು.

ಮೈಸೂರು_ಗಿಡಮರ
ಎಲ್ಲರೂ 'ಫಿಲಿಪೀನ್ಸ್‌ನ ಸ್ಥಳೀಯ ತರಕಾರಿ' ಎನ್ನುತ್ತಿದ್ದೀರಿ. ಸ್ವಲ್ಪ ತಿದ್ದಬೇಕು. ನುಗ್ಗೆಯ ಮೂಲ ನಮ್ಮ ಹಿಮಾಲಯದ ತಪ್ಪಲು. ಗೆಣಸು, ಟೊಮೆಟೊ, ಸೀಮೆಬದನೆ, ಅವರ ಕುಂಬಳ, ಕಡಲೆಕಾಯಿ, ಸಿಂಗ್ಕಮಾಸ್ ಎಂಬ ರಸಭರಿತ ಗೆಡ್ಡೆ, ಎಲ್ಲ ಅಮೆರಿಕ ಖಂಡದವು. ಸ್ಪೇನ್‌ನವರ ಹಡಗುಗಳು 1565ರಿಂದ 1815ರವರೆಗೆ ಮೆಕ್ಸಿಕೊದ ಅಕಾಪುಲ್ಕೊದಿಂದ ಮನಿಲಾಕ್ಕೆ ಓಡಾಡುತ್ತಿದ್ದವು. ಇವುಗಳಲ್ಲಿ ಹೆಚ್ಚಿನವು ಬಂದದ್ದು ಆ ಸ್ಪೇನ್ ಕಾಲದಲ್ಲಿ. ಮನೆಯ ಸುತ್ತ ಬೆಳೆಯುವ ತರಕಾರಿಗಳ ಹೆಸರು ಹೇಳುವ 'ಬಾಹಾಯ್ ಕುಬೊ' ಎಂಬ ಮಕ್ಕಳ ಪದ ಅಲ್ಲಿ ಎಲ್ಲರಿಗೂ ಬಾಯಿಪಾಠ. ಅದರಲ್ಲೂ ಸಿಂಗ್ಕಮಾಸ್, ಕಡಲೆಕಾಯಿ, ಟೊಮೆಟೊ ಇವೆ. ನಿಜವಾಗಿ ಅಲ್ಲಿನದೇ ಎನ್ನಬೇಕಾದರೆ ಬಿಕೊಲ್ ಪ್ರದೇಶದ ಪೀಲಿ ಬೀಜ ಹೇಳಿ.

ಹಾಸನ_ಹೊಲ
ಸರ್, ಹಾಗೆ ನೋಡಿದರೆ ನಮ್ಮ ರಾಗಿ ಆಫ್ರಿಕಾದ್ದು, ಮೆಣಸಿನಕಾಯಿ ಅಮೆರಿಕದ್ದು. ನೂರಾರು ವರ್ಷ ಆ ಮಣ್ಣಲ್ಲಿ ಬೆಳೆದು, ಅಲ್ಲಿನ ಜನರ ಬಾಯಿಗೆ ಹತ್ತಿದ ಮೇಲೆ ಅದು ಅಲ್ಲಿನದೇ. ಹೆಚ್ಚು ಗೊಬ್ಬರ ಬೇಡ, ಬೇಲಿಯಲ್ಲಿ ಬರುತ್ತದೆ, ಮಳೆಗೆ ತಾಳುತ್ತದೆ. ತಿನ್ನುವವನಿಗೆ ಅದು ತಾಜಾ ಸಿಗುತ್ತದೆ, ಅಗ್ಗ ಸಿಗುತ್ತದೆ. ಆರೋಗ್ಯಕ್ಕೆ ಬೇಕಾದದ್ದು ಅದೇ ಅಲ್ವಾ?

ಇಲೊಕೊಸ್_ಮೇಷ್ಟ್ರು
@ಹಾಸನ_ಹೊಲ ನೂರಕ್ಕೆ ನೂರು ನಿಜ. ಇಲ್ಲಿ ಎಲೆಕೋಸು, ಕ್ಯಾರೆಟ್, ಆಲೂಗಡ್ಡೆ ಬರುವುದು ಬೆಂಗೆತ್ ಬೆಟ್ಟಗಳಿಂದ, ಲಾ ತ್ರಿನಿದಾದ್ ಮಾರುಕಟ್ಟೆಗೆ ಬಂದು ಅಲ್ಲಿಂದ ಲಾರಿಯಲ್ಲಿ ಮನಿಲಾಕ್ಕೆ. ಚಂಡಮಾರುತ ಬಂದು ರಸ್ತೆ ಕುಸಿದರೆ ಬೆಲೆ ಆಕಾಶಕ್ಕೆ. ಅದೇ ಹೊತ್ತಿಗೆ ಬೇಲಿಯ ಮಲುಂಗ್ಗಾಯ್, ಕಮೊತೆ ಕುಡಿ ಹಾಗೇ ಇರುತ್ತದೆ. ನಮ್ಮ ಬೀದಿಯಲ್ಲಿ ಮಲುಂಗ್ಗಾಯ್ ಯಾರೂ ದುಡ್ಡು ಕೊಟ್ಟು ತರುವುದಿಲ್ಲ. ಮರ ಇರುವ ಮನೆಯವರನ್ನು ಒಂದು ಮಾತು ಕೇಳಿ ಕೊಂಬೆ ಮುರಿದುಕೊಳ್ಳುತ್ತಾರೆ.

ಶಾಲೆಗಳಲ್ಲಿ 'ಗುಲಾಯನ್ ಸಾ ಪಾರಾಲನ್' ಅಂತ ತರಕಾರಿ ತೋಟದ ಕಾರ್ಯಕ್ರಮ ಇದೆ. ಮಕ್ಕಳು ಬೆಳೆಸಿದ ಬಸಳೆ, ಬದನೆ ಶಾಲೆಯ ಊಟಕ್ಕೆ ಹೋಗುತ್ತದೆ. ತಾವೇ ನೀರು ಹಾಕಿದ ಗಿಡದ ಸೊಪ್ಪನ್ನು ಮಕ್ಕಳು ಬೇಡ ಎನ್ನುವುದು ಕಮ್ಮಿ. ನಾನು ಕಣ್ಣಾರೆ ನೋಡುತ್ತಿರುವ ವಿಷಯ ಇದು.

ಧಾರವಾಡ_ಕೃಷಿ
ತರಕಾರಿ ಬಗ್ಗೆ ಮಾತಾಡುವಾಗ ಗೋಲ್ಡನ್ ರೈಸ್ ಬಿಡಬಾರದು. ವಿಟಮಿನ್ ಎ ಕೊರತೆಗೆ ಅಂತ ಲೊಸ್ ಬಾನ್ಯೊಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಸೇರಿ ಮಾಡಿದ ಕುಲಾಂತರಿ ಅಕ್ಕಿ. 2021ರಲ್ಲಿ ಫಿಲಿಪೀನ್ಸ್ ಬೆಳೆಯಲು ಒಪ್ಪಿಗೆ ಕೊಟ್ಟಿತು, 2022ರಲ್ಲಿ ಬಿಟಿ ಬದನೆಗೂ (ಹುಳ ತಡೆಯುವ ಕುಲಾಂತರಿ ಬದನೆ) ಕೊಟ್ಟಿತು. 2024ರ ಏಪ್ರಿಲ್‌ನಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಎರಡನ್ನೂ ತಡೆಯಿತು. ನುಗ್ಗೆಸೊಪ್ಪು, ಕುಂಬಳ, ಗೆಣಸಿನ ಕುಡಿ ಹಿತ್ತಲಲ್ಲೇ ಇರುವ ದೇಶಕ್ಕೆ ಹಳದಿ ಅಕ್ಕಿ ಯಾಕೆ?

ಮೈಸೂರು_ಗಿಡಮರ
ಹಿತ್ತಲೇ ಇಲ್ಲದವರಿಗೆ? ಮನಿಲಾದ ಕೊಳೆಗೇರಿಯಲ್ಲಿ ಕುಂಬಳ ಎಲ್ಲಿ ಬೆಳೆಯುತ್ತೀರಿ? ಮಗು ಏನೂ ಇಲ್ಲದೆ ಬರಿ ಅನ್ನ ತಿನ್ನುವ ಮನೆ ಇದೆ. ಅಂಥ ಮನೆಗೆ ಅನ್ನದಲ್ಲೇ ವಿಟಮಿನ್ ಬಂದರೆ ತಪ್ಪೇನು?

ಧಾರವಾಡ_ಕೃಷಿ
ಬರಿ ಅನ್ನ ತಿನ್ನುವ ಮಗುವಿಗೆ ಎಣ್ಣೆಯೂ ಇಲ್ಲ, ಕಾಳೂ ಇಲ್ಲ. ಆ ವಿಟಮಿನ್ ಮೈಗೆ ಹಿಡಿಯಲು ಕೊಬ್ಬು ಬೇಕು. ಕೊರತೆ ಒಂದೇ ಅಲ್ಲ, ಹತ್ತು ಇವೆ. ಒಂದು ಕಟ್ಟು ಸೊಪ್ಪು ಕೊಳ್ಳುವ ಶಕ್ತಿ ಆ ತಾಯಿಗೆ ಬರಬೇಕು.

ಉಡುಪಿ_ಸಾತ್ವಿಕ
ಬಿಟಿ ಬದನೆಗೆ ನಮ್ಮಲ್ಲಿ 2010ರಲ್ಲೇ ತಡೆ ಬಿತ್ತು. ಆಗ ಮಟ್ಟುಗುಳ್ಳದ ಗತಿ ಏನು ಅಂತ ಉಡುಪಿಯಲ್ಲಿ ಎಷ್ಟು ಜನ ಕೇಳಿದ್ದರು! ಒಂದು ಊರಿನ ಬದನೆ ಹೋದರೆ ಆ ರುಚಿಯ ಹುಳಿಯೂ ಹೋಯಿತು.

ನಿರ್ವಾಹಕ
ಕುಲಾಂತರಿ ಬೆಳೆಗೆ ಬೇರೆ ಚರ್ಚೆ ತೆರೆಯೋಣ. ಇಲ್ಲಿ ಊಟದ ವಿಷಯಕ್ಕೆ ಬನ್ನಿ.

ಮಕಾತಿ_ಸಾಗರ
ಬಂದೆ. ಮಾರುಕಟ್ಟೆಗೆ ಹೋಗಿದ್ದೆ. ಮಲುಂಗ್ಗಾಯ್, ಮುಂಗ್ಗೊ ತಂದು ಬಸ್ಸಾರು ಮಾಡಿದೆ. ಪಕ್ಕದ ಮನೆಯ ಫಿಲಿಪಿನೊ ಅಮ್ಮನಿಗೂ ಕೊಟ್ಟೆ. ಅವರು ತಮ್ಮ ಗಿನಿಸಾಂಗ್ ಮುಂಗ್ಗೊ ಬಗ್ಗೆ ಹೇಳಿದರು. ಈಸ್ಟರ್‌ಗೆ ಮುಂಚಿನ ಉಪವಾಸ ಕಾಲದ ಶುಕ್ರವಾರಗಳಲ್ಲಿ ಮಾಂಸ ಬಿಡುವುದರಿಂದ ಎಲ್ಲರ ಮನೆಯಲ್ಲೂ ಅದೇ ಅಂತೆ. ಆದರೆ ಅವರ ಯಜಮಾನರು ಮುಂಗ್ಗೊ ತಿನ್ನುವುದಿಲ್ಲ, ಗೌಟ್ ಬಂದು ಕಾಲ ಕೀಲು ಊದುತ್ತದೆ ಎಂದರು. ಹೌದಾ? ನಮ್ಮ ಮಾವನಿಗೂ ಯೂರಿಕ್ ಆಸಿಡ್ ಜಾಸ್ತಿ ಇದೆ.

ದಾವಾವೊ_ಮೆಡಿಕೊ
ಈ ನಂಬಿಕೆ ಇಲ್ಲಿ ಮನೆಮನೆಯಲ್ಲಿ ಇದೆ. ಕಾಳಿನಲ್ಲಿ ಪ್ಯೂರಿನ್, ಅಂದರೆ ಮೈಯಲ್ಲಿ ಯೂರಿಕ್ ಆಸಿಡ್ ಆಗುವ ವಸ್ತು, ಇರುವುದು ನಿಜ. ಆದರೆ 2004ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಗಂಡಸರ ಮೇಲಿನ ಒಂದು ದೊಡ್ಡ ಅಧ್ಯಯನ ಬಂತು. ಮಾಂಸ ಮತ್ತು ಸಮುದ್ರದ ಆಹಾರ ಜಾಸ್ತಿ ತಿಂದವರಿಗೆ ಗೌಟ್ ಅಪಾಯ ಹೆಚ್ಚಿತ್ತು. ಪ್ಯೂರಿನ್ ಇರುವ ತರಕಾರಿ ತಿಂದವರಿಗೆ ಹೆಚ್ಚಿರಲಿಲ್ಲ. ಇಲ್ಲಿ ಮುಂಗ್ಗೊ ಮೇಲೆ ಹುರಿದ ಹಂದಿ ಚರ್ಮ ಉದುರಿಸಿ, ಪಕ್ಕದಲ್ಲಿ ಬಿಯರ್ ಇಟ್ಟುಕೊಂಡು ತಿನ್ನುತ್ತಾರೆ. ಬೈಸಿಕೊಳ್ಳುವುದು ಮಾತ್ರ ಹೆಸರುಕಾಳು! ಮಾವನವರಿಗೆ ಕಾಳು ನಿಲ್ಲಿಸುವ ಮುಂಚೆ ಡಾಕ್ಟರನ್ನು ಕೇಳಿ.

ಮಂಡ್ಯ_ಬಸ್ಸಾರು
ಬಸ್ಸಾರು ಅಂದ ತಕ್ಷಣ ಮಾಡಿದ್ದೀರಿ, ಖುಷಿಯಾಯಿತು. ಒಂದು ಗಮನಿಸಿ. ಸೊಪ್ಪು-ಕಾಳು ಬೇಯಿಸಿದ ಕಟ್ಟನ್ನು ಅವರು ಕೆಲವರು ಚೆಲ್ಲುತ್ತಾರೆ. ನಾವು ಅದರಲ್ಲೇ ಸಾರು ಮಾಡುತ್ತೇವೆ. ಸೊಪ್ಪಿನ ಸತ್ವ ಅರ್ಧ ಆ ನೀರಿಗೆ ಇಳಿದಿರುತ್ತದೆ.

ಶಾರ್ಜಾ_ನರ್ಸಮ್ಮ
ಬಡಿಸುವಾಗ ಕಲಮನ್ಸಿ ಹಿಂಡಿ. ಅಲ್ಲಿನ ಪುಟ್ಟ ನಿಂಬೆ ಅದು. ವಿಟಮಿನ್ ಸಿ ಜೊತೆಗಿದ್ದರೆ ಸೊಪ್ಪು-ಕಾಳಿನ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಊಟದ ಬೆನ್ನಿಗೇ ಟೀ-ಕಾಫಿ ಬೇಡ.

ತುಮಕೂರು_ತಾಯಿ
ನನ್ನ ಮಗ ಅಲ್ಲಿ ಓದುತ್ತಿದ್ದಾನೆ. ಡೆಂಗ್ಯೂ ಜ್ವರ ಬಂದಿದೆ. ಗೆಣಸಿನ ಸೊಪ್ಪಿನ ರಸ ಕುಡಿದರೆ ಪ್ಲೇಟ್‌ಲೆಟ್ ಏರುತ್ತದೆ ಅಂತ ರೂಮಿನವರು ಕೊಡುತ್ತಿದ್ದಾರೆ. ಆಸ್ಪತ್ರೆ ಬೇಡ ಎನ್ನುತ್ತಿದ್ದಾನೆ. ಏನು ಮಾಡಲಿ?

ದಾವಾವೊ_ಮೆಡಿಕೊ
ಅಮ್ಮಾ, ಈಗಲೇ ಫೋನ್ ಮಾಡಿ ಆಸ್ಪತ್ರೆಗೆ ಹೋಗಲು ಹೇಳಿ. ಇಲ್ಲಿ ಕಮೊತೆ ಕುಡಿ, ತವಾ-ತವಾ ಗಿಡ ಎನ್ನುತ್ತಾರೆ, ನಮ್ಮಲ್ಲಿ ಪಪ್ಪಾಯ ಎಲೆ ಎನ್ನುತ್ತಾರೆ. ಇವುಗಳ ಮೇಲೆ ಭರವಸೆ ಇಟ್ಟು ಮನೆಯಲ್ಲಿ ಉಳಿಯುವ ಕಾಯಿಲೆ ಅಲ್ಲ ಇದು. ಜ್ವರ ಇಳಿದ ಮೇಲೇ ಅಪಾಯದ ದಿನಗಳು ಬರುವುದು. ಹೊಟ್ಟೆ ನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ತೀರಾ ಸುಸ್ತು ಇದ್ದರೆ ಒಂದು ಗಂಟೆಯೂ ಕಾಯಬಾರದು. ಐಬುಪ್ರೊಫೆನ್, ಆಸ್ಪಿರಿನ್ ತಗೊಳ್ಳಬಾರದು. ಅವನು ದಾವಾವೊದಲ್ಲಿ ಇದ್ದರೆ ನನಗೆ ಇಲ್ಲೇ ಸಂದೇಶ ಹಾಕಿ, ನಾವು ಹುಡುಗರು ಹೋಗುತ್ತೇವೆ.

ತುಮಕೂರು_ತಾಯಿ
ದಾವಾವೊದಲ್ಲೇ ಇದ್ದಾನಪ್ಪ. ಸಂದೇಶ ಹಾಕಿದ್ದೇನೆ. ದೇವರು ನಿಮಗೆ ಒಳ್ಳೆಯದು ಮಾಡಲಿ.

ಬೆಳಗಾವಿ_ಫಿಟ್
ಅಮ್ಮಾ, ಹುಡುಗ ಹುಷಾರಾದ ಮೇಲೆ ತಿಳಿಸಿ. ಎಲ್ಲರೂ ಕಾಯುತ್ತಿರುತ್ತೇವೆ.

ಲಗುನಾ_ಇಂಜಿನಿಯರ್
ಕಂಗ್‌ಕೊಂಗ್ ಬಗ್ಗೆ ಮೇಷ್ಟ್ರು ಅರ್ಧ ಹೇಳಿ ಬಿಟ್ಟರು. ನಾನು ಲಗುನಾ ಸರೋವರದ ದಂಡೆಯ ಊರಲ್ಲಿ ಇದ್ದೇನೆ. ಈ ಸರೋವರಕ್ಕೆ ಊರಿನ ಕೊಳಚೆ, ಕಾರ್ಖಾನೆ ನೀರು ಬಂದು ಸೇರುತ್ತದೆ. ಕಂಗ್‌ಕೊಂಗ್ ನೀರಿನಲ್ಲಿರುವ ಸೀಸದಂಥ ಲೋಹಗಳನ್ನು ಹೀರಿಕೊಳ್ಳುತ್ತದೆ. ತೊಳೆದರೂ ಬೇಯಿಸಿದರೂ ಅದು ಹೋಗುವುದಿಲ್ಲ. ನೆಲದಲ್ಲಿ ಬೆಳೆಯುವ, ಕಿರಿದಾದ ಎಲೆಯ ಇನ್ನೊಂದು ಜಾತಿ ಇದೆ, 'ಚೈನೀಸ್ ಕಂಗ್‌ಕೊಂಗ್' ಎನ್ನುತ್ತಾರೆ. ಅದನ್ನು ಕೇಳಿ ತಗೊಳ್ಳಿ. ಹಸಿಯಾಗಿ ಯಾವುದನ್ನೂ ತಿನ್ನಬೇಡಿ. ಬೆಳ್ಳಂದೂರು ಕೆರೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಾಯಚೂರು_ರೊಟ್ಟಿ
ಅನ್ನದ ಬದಲು ಏನ್ರೀ ತಿನ್ನುತ್ತೀರಿ ಅಲ್ಲಿ? ಜೋಳ ಸಿಗುತ್ತದಾ?

ಸೆಬು_ಕಾಲ್‌ಸೆಂಟರ್
ನಮ್ಮ ಬಿಳಿಜೋಳ ಸಿಗುವುದಿಲ್ಲರೀ. ಸೆಬುವಿನಲ್ಲಿ ಬಿಳಿ ಮೆಕ್ಕೆಜೋಳದ ನುಚ್ಚನ್ನು ಅನ್ನದ ಹಾಗೆ ಬೇಯಿಸಿ ತಿನ್ನುತ್ತಾರೆ. ಹಳ್ಳಿಯ ಹಿರಿಯರಿಗೆ ಅದೇ ಮುಖ್ಯ ಊಟ. ಮಿಂದನಾವೊದಲ್ಲಿ ಆದ್ಲಾಯ್ ಅಂತ ಒಂದು ಧಾನ್ಯ ಇದೆ, ದಪ್ಪ ಮುತ್ತಿನಂಥ ಕಾಳು. ಸುಬಾನೆನ್ ಆದಿವಾಸಿಗಳು ಹಿಂದಿನಿಂದ ಬೆಳೆಯುತ್ತಿದ್ದಾರೆ. ಈಗ ಕೃಷಿ ಇಲಾಖೆಯೂ ಪ್ರಚಾರ ಮಾಡುತ್ತಿದೆ. ಅನ್ನದ ಹಾಗೆ ಮಾಡಿ ಸಾಂಬಾರಿನ ಜೊತೆ ತಿನ್ನಬಹುದು. ಅಗಿಯಬೇಕು, ಹೊಟ್ಟೆ ಬೇಗ ತುಂಬುತ್ತದೆ.

ಅನ್ನದ ಮೇಲೆ ಇಲ್ಲಿನವರ ಪ್ರೀತಿ ಮಾತ್ರ ಕೇಳಬೇಡಿ. ಹೋಟೆಲುಗಳಲ್ಲಿ 'ಅನ್‌ಲಿ ರೈಸ್', ಎಷ್ಟು ಬೇಕಾದರೂ ಅನ್ನ. 2017ರಲ್ಲಿ ಸೆನೆಟರ್ ಸಿಂಥಿಯಾ ವಿಲ್ಲಾರ್ ಅದನ್ನು ನಿಲ್ಲಿಸಬೇಕು ಎಂಬ ಮಾತು ಎತ್ತಿದಾಗ ದೇಶವೇ ತಿರುಗಿ ಬಿದ್ದಿತ್ತು.

ಮಕಾತಿ_ಸಾಗರ
ಆದ್ಲಾಯ್ ಹುಡುಕುತ್ತೇನೆ. ಇನ್ನೊಂದು ಪ್ರಶ್ನೆ. ಮಾರುಕಟ್ಟೆಯಲ್ಲಿ ಗಾಬಿ ಎಲೆ ಕಟ್ಟು ಕಟ್ಟು ಇದೆ. ಪತ್ರೊಡೆ ಮಾಡಬಹುದಾ? ಲಾಯಿಂಗ್ ಅಂತ ತೆಂಗಿನ ಹಾಲಿನ ಅಡುಗೆಯನ್ನೂ ನೋಡಿದೆ. ಮೀನಿಲ್ಲದೆ ಬರುತ್ತದಾ?

ಪುತ್ತೂರು_ಅಡುಗೆಮನೆ
ಎರಡೂ ಬರುತ್ತದೆ. ಲಾಯಿಂಗ್ ಬಿಕೊಲ್ ಕಡೆಯದು. ಒಣಗಿಸಿದ ಕೆಸುವಿನ ಎಲೆ, ತೆಂಗಿನ ಹಾಲು, ಶುಂಠಿ, ಬೆಳ್ಳುಳ್ಳಿ, ಖಾರದ ಮೆಣಸು. ಒಣಮೀನು, ಸೀಗಡಿ, ಬಗೂಂಗ್ ಬಿಟ್ಟು ಸ್ವಲ್ಪ ಉಪ್ಪು ಹಾಕಿ, ಅಣಬೆ ಅಥವಾ ತೊಕ್ವಾ (ಗಟ್ಟಿ ತೋಫು) ಸೇರಿಸಿ. ಎಲೆ ಬೇಯುವ ತನಕ ಕೈಯಾಡಿಸಬೇಡಿ, ತುರಿಸುತ್ತದೆ ಅಂತ ಅವರು ಹೇಳುತ್ತಾರೆ. ನಾನಂತೂ ಹುಣಸೆಹುಳಿ ಹಾಕಿಯೇ ಮಾಡುವುದು.

ದಾವಾವೊ_ಮೆಡಿಕೊ
ತುರಿಕೆಗೆ ಕಾರಣ ಎಲೆಯಲ್ಲಿರುವ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳು. ಚೆನ್ನಾಗಿ, ಬಹಳ ಹೊತ್ತು ಬೇಯಿಸಬೇಕು. ಕಿಡ್ನಿಯಲ್ಲಿ ಕಲ್ಲಾದವರು ಕೆಸುವಿನ ಎಲೆ ಕಮ್ಮಿ ಮಾಡುವುದು ಒಳ್ಳೆಯದು. ಮತ್ತೆ ತೆಂಗಿನ ಹಾಲು ಸ್ವಲ್ಪ ಇದ್ದರೆ ಸೊಪ್ಪಿನ ವಿಟಮಿನ್ ಎ ಮೈಗೆ ಹಿಡಿಯುತ್ತದೆ. ಆದರೆ ಲಾಯಿಂಗ್‌ನಲ್ಲಿ ಬಿಕೊಲ್‌ನವರು ಹಾಕುವಷ್ಟು ದಿನಾ ಹಾಕಿದರೆ ಕೊಬ್ಬು ಜಾಸ್ತಿಯಾಯಿತು. ವಾರಕ್ಕೊಮ್ಮೆ ಸಾಕು.

ಕೊಡಗು_ಕಾಫಿತೋಟ
ಪಾಕೊ ಅಂತ ಜರಿಗಿಡದ ಕುಡಿ ಸಿಕ್ಕರೆ ಬಿಡಬೇಡಿ. ಮಳೆಗಾಲದಲ್ಲಿ ನಮ್ಮ ತೋಡಿನ ಬದಿ ಬರುವ ತೆರ್ಮೆ ತೊಪ್ಪಿನ ಜಾತಿ. ಅಲ್ಲಿ ಟೊಮೆಟೊ, ಈರುಳ್ಳಿ ಹಾಕಿ ಕೋಸಂಬರಿ ತರ ಮಾಡುತ್ತಾರೆ. ಬಿಸಿ ನೀರಲ್ಲಿ ಬೇಯಿಸಿ ತೆಗೆದು ಮಾಡಿ. ಕಾಡಿನ ಬೇರೆ ಜರಿಯನ್ನು ನೀವೇ ಕಿತ್ತು ತರಬೇಡಿ, ಎಲ್ಲವೂ ತಿನ್ನುವಂಥದ್ದಲ್ಲ.

ಮಕಾತಿ_ಸಾಗರ
ಪಕ್ಕದ ಮನೆ ಅಮ್ಮ ಒಂದು ಚೀಲ ಕಾಮಿಯಾಸ್ ಕೊಟ್ಟಿದ್ದಾರೆ. ನೋಡಿದರೆ ಬಿಂಬುಳಿ! ಸಿನಿಗಂಗ್ ಅನ್ನುವ ಹುಳಿ ಸಾರಿಗೆ ಹಾಕುತ್ತಾರಂತೆ. ಪತ್ರೊಡೆಗೆ ಹುಣಸೆ ಬದಲು ಇದನ್ನೇ ಅರೆದು ಹಾಕಲಾ? ರಸ ತೆಗೆದು ಕುಡಿದರೆ ಸಕ್ಕರೆಗೂ ಒಳ್ಳೆಯದು ಅಂತ ಆಫೀಸಿನವರು ಹೇಳಿದರಂತೆ.

ಪುತ್ತೂರು_ಅಡುಗೆಮನೆ
ಧಾರಾಳ ಹಾಕಿ. ನಾಲ್ಕೈದು ಸಾಕು, ತುಂಬಾ ಹುಳಿ. ಉಳಿದದ್ದಕ್ಕೆ ಉಪ್ಪಿನಕಾಯಿ ಹಾಕಿ.

ದಾವಾವೊ_ಮೆಡಿಕೊ
ಅಡುಗೆಗೆ ನಾಲ್ಕೈದು ಸರಿ. ರಸ ಮಾತ್ರ ಕುಡಿಸಬೇಡಿ ಅಕ್ಕಾ. ಬಿಂಬುಳಿಯಲ್ಲಿ ಆಕ್ಸಲಿಕ್ ಆಮ್ಲ ವಿಪರೀತ. ಕೇರಳದಲ್ಲಿ ಕೊಲೆಸ್ಟ್ರಾಲ್ ಇಳಿಯಲಿ ಅಂತ ಅದರ ಗಟ್ಟಿ ರಸ ಕುಡಿದವರಿಗೆ ಕಿಡ್ನಿ ಕೈಕೊಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಕೆಸುವಿನ ಎಲೆ ಮಾಡುವ ದಿನ ಹುಳಿಗೆ ಹುಣಸೆಯನ್ನೇ ಇಟ್ಟುಕೊಳ್ಳಿ, ಕಾಮಿಯಾಸ್ ಬೇರೆ ದಿನದ ಸಾರಿಗೆ ಇರಲಿ. ಮತ್ತೆ @ತುಮಕೂರು_ತಾಯಿ, ಹುಡುಗನನ್ನು ಅಡ್ಮಿಟ್ ಮಾಡಿದ್ದೇವೆ, ಡ್ರಿಪ್ ಹಾಕಿದ್ದಾರೆ, ಮಾತಾಡುತ್ತಿದ್ದಾನೆ. ರಾತ್ರಿ ಒಬ್ಬ ಅವನ ಜೊತೆ ಇರುತ್ತೇವೆ.